ಮಳೆ ಬಾರದ ಊರಿನ ಕಪ್ಪೆ ಬಾಯಾರು

ನಮ್ಮ ಕಾಲೇಜಿನ ಬಾಯಾರಿಗೆ ಅಥಣಿಯಲ್ಲಿ ಮನುಷ್ಯರಿಗಿಂತ ಕಪ್ಪೆಗಳ ಪರಿಚಯವೇ ಹೆಚ್ಚು ಎಂದು ಊರವರು ಹೇಳುತ್ತಿದ್ದರು. ಇದು ಸುಳ್ಳು. ಮಳೆಯೇ ಸರಿಯಾಗಿ ಬಾರದ ಸೀಮೆ ಅದು. ಅವರಿಗೆ ಕಪ್ಪೆಗಳ ಪರಿಚಯವೂ ಅಷ್ಟಕ್ಕಷ್ಟೇ ಇತ್ತು.

ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತೇವೆ. ಇವರು ಪ್ರಾಣಿಶಾಸ್ತ್ರದ ಬಾಯಾರು, ದೂರದ ಮೈಸೂರು ಕಡೆಯವರು. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಊರಿಂದ ಅವರನ್ನು ನೋಡಲು ಯಾರೂ ಬಂದದ್ದಿಲ್ಲ, ರಜೆಯಲ್ಲಿ ಅವರೂ ಹೋದದ್ದಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. "ಗಿರಣಿ ಸದ್ದಿಗೆ ತ್ರಾಸ ಆಗಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದೆ. "ಸದ್ದಿದ್ದಾಗ ಪರವಾಗಿಲ್ಲಮ್ಮ. ಸೋಮವಾರ ಗಿರಣಿಗೆ ರಜೆ ನೋಡು, ಆವತ್ತೇ ಕಷ್ಟ" ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ, ತಮಾಷೆ ಮಾಡಿದರೆಂದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿ.ಎಸ್‌ಸಿ. ಎರಡನೆಯ ವರ್ಷದ ನಮ್ಮ ತರಗತಿಯಲ್ಲಿ ಹುಡುಗಿ ಎಂದು ಇದ್ದವಳು ನಾನೊಬ್ಬಳೇ. ಮೊದಲ ಬೆಂಚು ಪೂರ್ತಿ ನನ್ನ ಸ್ವಂತ ಆಸ್ತಿ. ಅಷ್ಟುದ್ದದ ಬೆಂಚಿನ ಮೇಲೆ ದಿನವಿಡೀ ಒಬ್ಬಳೇ ಕೂರುವ ವೈಭವ ಹಗೆಯವರಿಗೂ ಬೇಡ.

ಒಂದು ದಿನ ನೋಟೀಸ್ ಬೋರ್ಡಿನ ಮೇಲೆ ಬಾಯಾರ ಚೀಟಿ ಕಾಣಿಸಿತು: ಸಂಶೋಧನೆಯಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗಳು ಶನಿವಾರ ಸಂಜೆ ಪ್ರಯೋಗಾಲಯಕ್ಕೆ ಬರಬೇಕು. ಸಂಶೋಧನೆ ಎಂದರೆ ಕೋಟು ತೊಟ್ಟ ಮುದುಕರ ಕೆಲಸ ಎಂದು ತಿಳಿದಿದ್ದ ನಮಗೆ ಕುತೂಹಲ. ಇಡೀ ತರಗತಿಯೇ ಬಂದು ತುಂಬಿಕೊಂಡಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಬಾಯಾರ, ಇದಕ್ಕ ಮಾರ್ಕ್ಸ್ ಎಷ್ಟ ಅದಾವ್ರಿ?" ಎಂದ.

"ಇಲ್ಲಪ್ಪ, ಮಾರ್ಕ್ಸ್ ಇಲ್ಲ."

ಆಗ ಆ ಕೋಣೆ ಖಾಲಿಯಾದ ವೇಗವನ್ನು ನಾನು ಮುಂದೆ ಬೆಂಕಿ ಬಿದ್ದ ಕಡೆಯೂ ಕಂಡಿಲ್ಲ. ನಾನೊಬ್ಬಳು ಉಳಿದೆ. ವಿಜ್ಞಾನದ ಪ್ರೀತಿಯಿಂದಲ್ಲ, ನಮ್ಮೂರು ಐನಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲಲು ಬೇಸರ. ಬಾಯಾರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, "ಒಬ್ಬರಿದ್ದರೆ ಸಾಕು. ಇಬ್ಬರಾದೆವಲ್ಲ" ಎಂದರು.

ವಿಷಯ ಇಷ್ಟೇ. ಮಳೆ ಬಿದ್ದ ಮೇಲೆ ಯಾವ ಕಪ್ಪೆ ಮೊದಲು ಕೂಗುತ್ತದೆ, ಯಾವುದು ಆಮೇಲೆ ದನಿಗೂಡಿಸುತ್ತದೆ? "ಅಲ್ರಿ ಬಾಯಾರ, ಇದಕ್ಕ ನಿಮ್ಮ ಕಡೆನ ಚಲೋ ಇತ್ತಲ್ರಿ, ದಿನಾ ಮಳಿ" ಎಂದೆ. ಅವರು ತಲೆಯಾಡಿಸಿದರು. "ದಿನಾ ಕೂಗೋ ಕಪ್ಪೇಲಿ ಏನಿದೆಯಮ್ಮ? ವರ್ಷವೆಲ್ಲ ಮಣ್ಣೊಳಗೆ ಬಾಯಿ ಮುಚ್ಚಿಕೊಂಡಿದ್ದು, ಒಂದು ಮಳೆಗೆ ಎದ್ದು ಕೂಗುತ್ತಲ್ಲ, ಅದರ ದನಿ ಕೇಳಬೇಕು."

ಮಳೆ ಬರುವವರೆಗೆ ನನಗೆ ದನಿಗಳ ಪಾಠ. ಬಾಯಾರು ಗಂಟಲುಬ್ಬಿಸಿ ದೊಡ್ಡ ಗೊಂಕರಗಪ್ಪೆಯಂತೆ ಕೂಗುವರು, ನಾನು ಗುರುತಿಸಬೇಕು. ಬಾಗಿಲಲ್ಲಿ ಇಣುಕಿದ ಜವಾನ, "ಬಾಯಾರಿಗೆ ವಾಂತಿ ಆಗಾಕತ್ತೈತೇನ್ರಿ, ನಿಂಬಿಕಾಯಿ ತರಲೇನು?" ಎಂದು ಗಾಬರಿಯಾದ.

ಮನೆಯಲ್ಲಿ ವಿಷಯ ತಿಳಿದಾಗ ಅವ್ವನಿಗೆ ಸಿಟ್ಟು ಬಂತು. "ಕಾಲೇಜಿಗೆ ಕಳಿಸಿದ್ದು ಕಪ್ಪಿ ಹಿಂದ ತಿರಗಾಕೇನ? ನಾಳೆ ಬೀಗರು ಕೇಳಿದ್ರ ಏನ ಹೇಳೂದು? ಆಕಿಗೆ ಹಿಂದಿಲ್ಲ ಮುಂದಿಲ್ಲ, ನಿನಗೇನಾಗೇತಿ?" ನಮ್ಮದು ದ್ರಾಕ್ಷಿ ತೋಟದ ಮನೆ. ಕಾಯಿ ಮಾಗುವಾಗ ಮೋಡ ಕಂಡರೆ ಅಪ್ಪನ ಎದೆ ಒಡೆಯುತ್ತಿತ್ತು. "ನಿಮ್ಮ ಬಾಯಾರು ಮಳಿ ಬೇಡಾಕತ್ತಾರಂತ. ನನ್ನ ತ್ವಾಟ ಬಿಟ್ಟು ಬೇಡ್ಲಿ ಅಂತ ಹೇಳು" ಎಂದಷ್ಟೇ ಹೇಳಿ ಅಪ್ಪ ಒಪ್ಪಿದ.

ಆ ವರ್ಷ ಮಳೆ ಮೋಸ ಮಾಡಿತು. ಶನಿವಾರ ಬಂತೆಂದರೆ ನಾವಿಬ್ಬರೂ ಒಂದೊಂದು ಊರಿನ ಕೆರೆಯ ಏರಿಯ ಮೇಲೆ ಕಿವಿ ತೆರೆದು ಕೂರುವುದು. ಎತ್ತಿನ ಗಾಡಿಯ ಗಾಲಿ ಕೇಳುತ್ತಿತ್ತು, ಯಾರದೋ ರೇಡಿಯೋದ ಮರಾಠಿ ಹಾಡು ಕೇಳುತ್ತಿತ್ತು, ಕಪ್ಪೆ ಮಾತ್ರ ಇಲ್ಲ. ಕಾಗವಾಡದ ಆಚೆ, ಗಡಿಗೆ ಹತ್ತಿಕೊಂಡ ಹೊಲದಲ್ಲಿ ರೈತನೊಬ್ಬ ಅನುಮಾನದಿಂದ ಬಂದ. "ಕಪ್ಪಿ ಕನ್ನಡದಾಗ ಒದರ್ತಾವೋ ಮರಾಠಿಯೊಳಗೋ, ಬರಕೊಂಡ ಹೋಗಾಕ ಬಂದೀರೇನ್ರಿ?"

ಬಾಯಾರು ಗಂಭೀರವಾಗಿ, "ಇಲ್ಲ, ಗಡಿಯ ಎರಡೂ ಕಡೆ ಒಂದೇ ಥರ ಕೂಗುತ್ತವೆ" ಎಂದರು.

"ಹಂಗಾರ ನಮಗಿಂತ ಶಾಣ್ಯಾ ಅದಾವ" ಎಂದು ಆತ ಕಬ್ಬಿನ ತುಂಡು ಕೊಟ್ಟು ಹೋದ.

ತೆಲಸಂಗದ ಕಡೆ ಹೋದಾಗ ಒಂದು ಹಳ್ಳಿಯಲ್ಲಿ ಮಳೆಗಾಗಿ ಕಪ್ಪೆಗಳ ಮದುವೆ ನಡೆದಿತ್ತು. ಬಾವಿಯಿಂದ ಹಿಡಿದು ತಂದ ಎರಡು ಕಪ್ಪೆಗಳಿಗೆ ಅರಿಸಿನ ಹಚ್ಚಿ ಬುಟ್ಟಿಯಲ್ಲಿ ಕೂರಿಸಿದ್ದರು. ಬಾಯಾರು ಬಗ್ಗಿ ಎರಡರ ಗಂಟಲನ್ನೂ ಪರೀಕ್ಷಿಸಿ, "ಇವೆರಡೂ ಗಂಡು" ಎಂದುಬಿಟ್ಟರು. ಊರವರೆಲ್ಲ ಬುಟ್ಟಿಗೆ ಮುಗಿಬಿದ್ದು ನೋಡಿದರು. ಕೊನೆಗೆ ಹಿರಿಯರೊಬ್ಬರು, "ಹೋದ ವರ್ಷವೂ ಹಿಂಗ ಆಗಿರಬೇಕ್ರಿ, ಅದಕ್ಕ ಮಳಿ ಬಂದಿಲ್ಲ" ಎಂದು ತೀರ್ಪು ಕೊಟ್ಟರು. ಬಾಯಾರೇ ಬಾವಿಯ ಮೆಟ್ಟಿಲಿಳಿದು ಹೆಣ್ಣು ಹುಡುಕಿ ತಂದರು. ಅಕ್ಕಿಕಾಳು ಬಿದ್ದವು, ಎಲ್ಲರೂ ಉಂಡೆವು. ಹೊರಡುವಾಗ ಮುದುಕಿಯೊಬ್ಬಳು ಬಾಯಾರ ಕೈ ಹಿಡಿದುಕೊಂಡು, "ಕಪ್ಪಿಗೆ ಹೆಣ್ಣ ಹುಡುಕಿ ಕೊಟ್ಟಿ. ನಿನಗ ಗಂಡ ಹುಡುಕೋರು ಯಾರೂ ಇದ್ದಿಲ್ಲೇನ ನನ್ನವ್ವಾ?" ಎಂದಳು. ಬಾಯಾರು ನಕ್ಕರು. ಬಸ್ಸಿನಲ್ಲಿ ಅಥಣಿಯವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಆವತ್ತು ಯಾವ ಕಪ್ಪೆಯ ದನಿಯನ್ನೂ ಮಾಡಲಿಲ್ಲ.

ಕೊನೆಯ ವರ್ಷದಲ್ಲೂ ಹನಿ ಉದುರಿಸಿ ಓಡುವ ಮಳೆಯೇ. ಆದರೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಗೋಷ್ಠಿಯಿದೆ ಎಂದು ಬಾಯಾರು ನನ್ನನ್ನು ಕರೆದುಕೊಂಡು ಹೋದರು. ಸೀರೆಯ ಸೆರಗು ಹಿಡಿದುಕೊಂಡು ಕಲಿತದ್ದನ್ನೆಲ್ಲ ಹೇಳಿದೆ. ಮುಂದಿನ ಸಾಲಿನ ಪ್ರಾಧ್ಯಾಪಕರು ಕನ್ನಡಕ ತೆಗೆದು ಕೇಳಿದರು, "ಮಳೆ ಬಂದ ಮೇಲಿನ ಕೂಗಿನ ಅಧ್ಯಯನ. ಆದರೆ ಮಳೆಯೇ ಬಂದಿಲ್ಲ. ಹಾಗಾದರೆ ನೀವು ಕೇಳಿದ್ದು ಏನು?"

"ಏನೂ ಇಲ್ರಿ ಸರ್" ಎಂದೆ.

ಸಭೆ ನಕ್ಕಿತು. ಆಗ ಹಿಂದಿನಿಂದ ಬಾಯಾರು ಎದ್ದರು. "ಸರ್, ಏನೂ ಕೇಳಲಿಲ್ಲ ಅನ್ನೋದೂ ಒಂದು ಫಲಿತಾಂಶ. ಇವಳು ಎರಡು ವರ್ಷ ಕೂತು ಕೇಳಿದ ಮೇಲೆ ಅದನ್ನು ಹೇಳ್ತಿದ್ದಾಳೆ" ಎಂದರು. ಬಹುಮಾನ ಬರಲಿಲ್ಲ. ಊಟದ ಮೇಜಿನಲ್ಲಿ ನಮ್ಮ ಹತ್ತಿರ ಬೇರೆ ಯಾರೂ ಕೂರಲೂ ಇಲ್ಲ. ಬಾಯಾರು ತಮ್ಮ ತಾಟಿನ ಹೋಳಿಗೆಯನ್ನೂ ನನಗೇ ಹಾಕಿದರು.

ಪರೀಕ್ಷೆ ಮುಗಿಯಿತು. ನನಗೆ ನಿಪ್ಪಾಣಿಯ ಕಡೆ ಗಂಡು ಗೊತ್ತಾಯಿತು. ಅಲ್ಲಿಗೆ ಸಂಶೋಧನೆಯೂ ಮುಗಿದಂತೆ ಎಂದುಕೊಂಡೆ.

ಮೃಗಶಿರಾ ಮಳೆ ಆ ಸಲ ಮಧ್ಯಾಹ್ನವೇ ಹಿಡಿದುಕೊಂಡಿತು. ಅಂಗಳವೆಲ್ಲ ಹೊಳೆ. ಸಂಜೆ ಅದು ಸ್ವಲ್ಪ ಸಣ್ಣದಾದಾಗ ಬಾಗಿಲಲ್ಲಿ ಯಾರೋ ನಿಂತಿದ್ದರು. ಬಾಯಾರು. ಕೊಡೆ ಮುರಿದಿತ್ತು, ಮೊಣಕಾಲವರೆಗೆ ಎರೆಮಣ್ಣು, ಜಡೆ ಬಿಚ್ಚಿ ನೀರು ಸುರಿಯುತ್ತಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ಉಳಿದ ದಾರಿ ನಡೆದು ಬಂದಿದ್ದರು.

"ಬಂತಲ್ಲಮ್ಮ ಮಳೆ. ನೀನಿಲ್ಲದೆ ಒಬ್ಬಳೇ ಕೇಳೋದು ಸರಿಯಲ್ಲ ಅನ್ನಿಸ್ತು" ಎಂದರು.

ನಾನು ಮಾತಾಡುವ ಮೊದಲೇ ಅವ್ವ ಹೊರಗೆ ಬಂದಳು. ನನಗೆ ಭಯ. ಅವ್ವ ಅವರನ್ನು ಕೆಳಗಿಂದ ಮೇಲಿನವರೆಗೆ ನೋಡಿ, "ಮೊದಲ ಒಳಗ ಬರ್ರಿ. ನೆಗಡಿ ಆದ್ರ ಯಾರ ನೋಡ್ತಾರ ನಿಮ್ಮನ್ನ?" ಎಂದು ರಟ್ಟೆ ಹಿಡಿದು ಕರೆದೊಯ್ದಳು. ತನ್ನ ಒಣ ಸೀರೆ ಉಡಿಸಿದಳು. ಬಿಸಿ ಚಹಾ ಕುಡಿಸಿ, ತನ್ನ ಮುಂದೆ ಕೂರಿಸಿಕೊಂಡು, ತಲೆ ಒರೆಸಿ, ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಸಿಕ್ಕು ಬಿಡಿಸತೊಡಗಿದಳು. ಬಾಯಾರು ಮೊದಲು ಸಂಕೋಚದಿಂದ ಬಿಗಿಯಾಗಿ ಕೂತಿದ್ದರು. ಅವ್ವನ ಬೆರಳು ನಡೆದಂತೆ ಅವರ ಮಾತು ನಿಧಾನವಾಯಿತು. ಹೆಗಲು ಸಡಿಲಾಯಿತು. ಕೊನೆಗೆ ತಲೆ ಮೆಲ್ಲಗೆ ಅವ್ವನ ತೊಡೆಯ ಮೇಲೆ ವಾಲಿತು.

ಅಷ್ಟರಲ್ಲಿ ತೋಟದಾಚೆಯ ತಗ್ಗಿನಿಂದ ಬಂತು, ಒಂದು ದಪ್ಪ ದನಿ. ಅದರ ಹಿಂದೆ ಇನ್ನೊಂದು.

"ಅವ್ವಾ, ಎಬ್ಬಸು. ಕಪ್ಪಿ ಒದರಾಕತ್ತಾವ. ಇದಕ್ಕಂತನ ಕಾದಾರ ಅವರು."

"ನಾಳೆನೂ ಒದರ್ತಾವ. ನೀ ಹೋಗಿ ಕೇಳಿ ಬಾ" ಎಂದಳು ಅವ್ವ, ಪಿಸುದನಿಯಲ್ಲಿ.

ಹೋದೆ. ನಿಂತ ನೀರಿನ ದಂಡೆಯಲ್ಲಿ ಒಂದೊಂದೇ ದನಿ ಕೂಡುತ್ತ, ಕೂಡುತ್ತ, ಇಡೀ ಹೊಲವೇ ಎದ್ದು ಮಾತಾಡಿದಂತಾಯಿತು. ಮೊದಲು ಯಾವುದು, ಆಮೇಲೆ ಯಾವುದು ಎಂದು ಮನಸ್ಸಿನಲ್ಲಿಟ್ಟುಕೊಂಡು ತಿರುಗಿ ಬಂದಾಗ ದೀಪ ಹಚ್ಚಿಯಾಗಿತ್ತು. ಅವ್ವ ಕೂತಲ್ಲೇ ಕೂತಿದ್ದಳು, ಬಾಯಾರ ಹಣೆಯ ಮೇಲೆ ಕೈಯಿಟ್ಟುಕೊಂಡು.

"ಕಾಲು ಜೋಮು ಹಿಡದಿರಬೇಕು. ತೆಲಿದಿಂಬು ತರಲೇನು?" ಎಂದೆ.

"ಬ್ಯಾಡ. ದಿಂಬಿನ ಮ್ಯಾಲ ಅವರು ದಿನಾ ಮಲಗತಾರ" ಎಂದಳು ಅವ್ವ.