ಹದಿಮೂರನೆಯ ಹಲ್ಲು

“ನೂರಾ ಹದಿನೆಂಟು ತುಂಡು! ಅಷ್ಟೇನಾ? ಒಂದು ವಾರ ಯಾಕೆ, ಎರಡು ಸಂಜೆ ಸಾಕು ನನಗೆ!”

ಹೀಗೆಂದು ಸಾರಿದವರು ನಮ್ಮ ಹಲ್ಲು ಮೇಸ್ತ್ರಿಗಳು. ಈ ಬಿರುದು ಬೀದಿಯ ಜನ ಕೊಟ್ಟದ್ದು. ಸುತ್ತಲಿನ ಹಲ್ಲಿನ ಡಾಕ್ಟರುಗಳೆಲ್ಲ ಬಾಯಿಯ ಅಚ್ಚು ತೆಗೆದು ಇವರ ಮನೆಗೆ ಕಳಿಸುತ್ತಾರೆ. ಇವರು ಮುಂದಿನ ಕೋಣೆಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು, ಅಚ್ಚಿಗೆ ತಕ್ಕ ಹಲ್ಲಿನ ಸೆಟ್ಟು ಮಾಡಿ ವಾಪಸು ಕಳಿಸುತ್ತಾರೆ. ಇಪ್ಪತ್ತೆರಡು ವರ್ಷದ ಕಸುಬು. ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಸಾಕು, “ನಮ್ಮದೇ ಕೈಕೆಲಸ” ಎಂದು ಮೇಸ್ತ್ರಿಗಳ ಎದೆ ಒಂದು ಗೇಣು ಉಬ್ಬುತ್ತದೆ.

ಮೇಜಿನ ಮೇಲೆ ಹೆಂಡತಿ ತಂದಿಟ್ಟ ಪೆಟ್ಟಿಗೆಯಿತ್ತು. ಅದರ ಮುಚ್ಚಳದ ಮೇಲೆ ಹಳೇ ಕಾಲದ ಅಮೆರಿಕದ ಸ್ಪೋರ್ಟ್ಸ್ ಕಾರು: ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಮುಂದಿನ ಗ್ರಿಲ್ಲಿನಲ್ಲಿ ಹದಿಮೂರು ಬೆಳ್ಳಿ ಹಲ್ಲು. ಗಾಡಿ ನಿಂತಲ್ಲೇ ಹಲ್ಲು ಕಿರಿಯುತ್ತಿತ್ತು. ಒಳಗೆ ಅದೇ ಕಾರು ಪುಡಿಪುಡಿಯಾಗಿ, ಬಿಳಿ ಪ್ಲಾಸ್ಟಿಕ್ಕಿನ ಬಿಡಿ ತುಂಡುಗಳಾಗಿ ಮಲಗಿತ್ತು. ಜೋಡಿಸಿ, ಅಂಟಿಸಿ, ಬಣ್ಣ ಹೊಡೆದರೆ ಒಂದು ಮೊಳದ ಕಾರು.

“ಅಂಗಡಿಯವ್ರು ಜೋಡಿಸೇ ಕೊಡ್ತೀವಿ ಅಂದಿದ್ರು ಕಣ್ರೀ. ಅವರಿಗೇ ಕೊಟ್ಬಿಡ್ಲಾ?”

“ಅಂಗಡಿಯವರಾ! ಊರ ಜನರ ಬಾಯಿ ಜೋಡಿಸೋನು ಮನೇಲಿ ಕೂತಿರುವಾಗ ಅಂಗಡಿಯವರ್ಯಾಕೆ? ಮರ್ಯಾದೆ ಪ್ರಶ್ನೆ ಕಣೇ ಇದು!”

“ಮರ್ಯಾದೆ ಆಮೇಲೆ. ಮೊದ್ಲು ಸೂಚನೆ ಹಾಳೆ ಓದಿ.”

ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿರುವಾಕೆ. ಕಾಗದದಲ್ಲಿ ಬರೆದದ್ದನ್ನು ಓದದೆ ಏನನ್ನೂ ಮುಟ್ಟುವವಳಲ್ಲ. ಮೇಸ್ತ್ರಿಗಳು ಹಾಳೆಯ ಚಿತ್ರಗಳನ್ನು ನೋಡಿದರು. ಓದುವ ಗೋಜಿಗೆ ಹೋಗಲಿಲ್ಲ.

ಕಾರು ಮಾವನಿಗೆ. ಮಾವ ಮೆಕ್ಯಾನಿಕ್. ನಲವತ್ತು ವರ್ಷ ಬೇರೆಯವರ ಗಾಡಿಗಳ ಕೆಳಗೆ ಮಲಗಿ ಎದ್ದವರು. ಅವರ ಗ್ಯಾರೇಜಿನ ಗೋಡೆಯ ಮೇಲೆ ಇದೇ ಕಾರಿನ ಚಿತ್ರವಿದ್ದ ಒಂದು ಕ್ಯಾಲೆಂಡರು ನೇತಾಡುತ್ತಿತ್ತು. ವರ್ಷಗಳು ಉರುಳಿದವು, ತಿಂಗಳ ಹಾಳೆ ಮಾತ್ರ ಮಗುಚಲಿಲ್ಲ. ಮಗುಚಿದರೆ ಕಾರು ಕಾಣುವುದಿಲ್ಲವಲ್ಲ! ಬರುವ ಭಾನುವಾರ ಅವರಿಗೆ ಎಪ್ಪತ್ತೈದು ತುಂಬುತ್ತಿತ್ತು.

“ನಂಗೆ ಬೇಕಾಗಿರೋದು ಒಂದೇ ರೀ,” ಎಂದಳು ಹೆಂಡತಿ. “ಅಪ್ಪ ನಗ್ತಿರೋ ಒಂದು ಫೋಟೋ. ನಮ್ಮತ್ರ ಅಂಥದ್ದು ಒಂದೂ ಇಲ್ಲ.”

ನಿಜವೇ. ಮಾವ ನಗುತ್ತಾರೆ, ಆದರೆ ಕ್ಯಾಮರಾ ಕಂಡೊಡನೆ ಬಾಯಿಗೆ ಬೀಗ ಬೀಳುತ್ತದೆ. ಹರೆಯದಲ್ಲಿ ಹಲ್ಲು ಸೊಟ್ಟಗಿದ್ದವೆಂಬ ಸಂಕೋಚ, ಆಮೇಲೆ ಕಟ್ಟಿಸಿಕೊಂಡ ಹಲ್ಲೆಂಬ ಸಂಕೋಚ. ಮಗಳ ಮದುವೆಯ ಫೋಟೋದಲ್ಲೂ, ಪಕ್ಕದಲ್ಲಿ ಯಾರೋ ಅವರ ಕಾಲು ತುಳಿದು ನಿಂತಂತೆ ತುಟಿ ಬಿಗಿದಿದ್ದಾರೆ. ಈ ಕಾರು ನೋಡಿದರಾದರೂ ಅವರು ಮೈಮರೆತು ನಕ್ಕಾರು ಎಂಬುದು ಅವಳ ಆಸೆ.

ಇದರ ನಡುವೆ ಇನ್ನೊಂದು ಕೆಲಸ ಬಂದು ಸೇರಿಕೊಂಡಿತ್ತು. ಮಾವನಿಗೆ ಸ್ಕ್ರೂ ಬಾಯಲ್ಲಿ ಹಿಡಿಯುವುದು, ವೈರು ಹಲ್ಲಿನಿಂದ ಸುಲಿಯುವುದು ಹಳೇ ಚಾಳಿ. ಹಿಂದಿನ ವಾರ ಹಾಗೆ ಸುಲಿಯುತ್ತಿರುವಾಗ ಮೇಲಿನ ಸೆಟ್ಟಿನ ಮುಂದಿನ ಹಲ್ಲೊಂದು ಇಡಿಯಾಗಿ ಕಳಚಿ ಕೈಗೆ ಬಂದಿತ್ತು. ಸೆಟ್ಟನ್ನೂ ಹಲ್ಲನ್ನೂ ಕಾಗದದಲ್ಲಿ ಸುತ್ತಿ ತಂದು ಕೊಟ್ಟರು.

“ಅಳಿಯಂದ್ರೇ, ಭಾನುವಾರದೊಳಗೆ ಕೂರಿಸ್ಕೊಡಿ. ಹಳೇ ಸ್ನೇಹಿತ್ರೆಲ್ಲ ಬರ್ತಾರೆ. ಹಲ್ಲಿನ ಮಧ್ಯೆ ಕಿಟಕಿ ಇಟ್ಕೊಂಡು ನಾನು ಬಾಯಿ ತೆಗೆಯೋನಲ್ಲ.”

“ಅದೆಷ್ಟು ಹೊತ್ತಿನ ಕೆಲ್ಸ ಮಾವ! ಕಣ್ಮುಚ್ಚಿ ಮಾಡ್ತೀನಿ!”

ಹೀಗೆ ಎರಡು ಕೆಲಸ, ಒಂದು ಮೇಜು. ಮೇಜಿನ ಮೇಲ್ಗಡೆ ಗೋಡೆಗೆ ಮೇಸ್ತ್ರಿಗಳು ಸ್ವಹಸ್ತದಿಂದ ಬರೆದು ಅಂಟಿಸಿದ ಒಂದು ಶಾಸನವಿತ್ತು: ‘ಒಂದು ಸಲಕ್ಕೆ ಒಂದೇ ಬಾಯಿ.’ ಇಬ್ಬರು ಗಿರಾಕಿಗಳ ಹಲ್ಲು ಎಂದಿಗೂ ಒಟ್ಟಿಗೆ ಮೇಜಿನ ಮೇಲೆ ಬರಕೂಡದು. ಇಪ್ಪತ್ತೆರಡು ವರ್ಷದಲ್ಲಿ ಆ ಶಾಸನ ಒಮ್ಮೆಯೂ ಮುರಿದಿರಲಿಲ್ಲ. ಈಗಲೂ ಮುರಿಯಿತೆಂದು ಮೇಸ್ತ್ರಿಗಳಿಗೆ ಅನ್ನಿಸಲಿಲ್ಲ. ಕಾರಿಗೆಲ್ಲಿಯ ಬಾಯಿ!

ಬುಧವಾರ ಸಂಜೆ ಕಾರ್ಯ ಆರಂಭವಾಯಿತು. ಹಲ್ಲಿನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ನಕ್ಷೆಯನ್ನು ಬಾಯಿ ತೆರೆದು ಎದುರಿಗೆ ಕೂತವರನ್ನು ನೋಡಿದಂತೆ ನೋಡಬೇಕು. ಕಾಗದದ ಎಡಗಡೆಯೆಂದರೆ ಗಿರಾಕಿಯ ಬಲಗಡೆ. ಮೇಸ್ತ್ರಿಗಳು ಕಾರಿನ ನಕ್ಷೆಯನ್ನೂ ಹಾಗೆಯೇ ನೋಡಿದರು. ಚಿತ್ರದಲ್ಲಿ ಎಡಕ್ಕಿದ್ದ ಸ್ಟೀರಿಂಗು ಕಾರಿನ ಬಲಕ್ಕೆ ಹೋಯಿತು. ಅಲ್ಲಿ ತೂತಿರಲಿಲ್ಲ. ಒಂದು ತೂತು ಕೊರೆದರು! ಎಡಬಾಗಿಲು ಬಲಕ್ಕೆ ಹೋಯಿತು. ಅದು ಕೂರಲಿಲ್ಲ. ಹಲ್ಲು ಸವೆಸುವ ಮೋಟಾರು ಹಾಕಿ ಉಜ್ಜಿದರು! ಹೊಸ ಸೆಟ್ಟು ಬಾಯಲ್ಲಿ ಸರಿಯಾಗಿ ಕೂರದಿದ್ದರೆ ಎತ್ತರವಿದ್ದಲ್ಲಿ ಉಜ್ಜಿ ಕೂರಿಸುವುದೇ ಅವರ ಕಸುಬಿನ ಗುಟ್ಟಲ್ಲವೇ? ಅಡುಗೆಮನೆಯವರೆಗೂ ಗುಂಯ್‌ ಗುಂಯ್‌ ಎಂಬ ಸದ್ದು ಕೇಳಿಸಿತು.

“ಏನ್ರೀ ಅದು? ಬರೀ ಅಂಟಿಸಿದ್ರೆ ಸಾಕು ಅಂತ ಹಾಳೇಲಿ ಬರೆದಿದೆ!”

“ಹಾಳೆ ಬರೆದೋನು ಅನನುಭವಿ ಕಣೇ! ಒಂದು ತುಂಡೂ ಅಳತೆಗಿಲ್ಲ!”

ಗುರುವಾರ ಸಂಜೆ ಗ್ರಿಲ್ಲಿನ ಸರದಿ. ಹಲ್ಲುಗಳನ್ನು ನೋಡಿ ಮೇಸ್ತ್ರಿಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇದು ನಮ್ಮ ಸೀಮೆ! ಭೂತಗನ್ನಡಿ ಇಳಿಸಿ, ಚಿಮಟದಲ್ಲಿ ಒಂದೊಂದನ್ನೇ ಎತ್ತಿ, ಪೆಟ್ಟಿಗೆಯ ಜೊತೆಗೆ ಬಂದ ಟ್ಯೂಬಿನ ಅಂಟು ಮುಟ್ಟಿಸಿ ಕೂರಿಸುತ್ತಾ ಹೋದರು. ಹನ್ನೆರಡು ಕೂರಿಸುವಷ್ಟರಲ್ಲಿ ಹಲ್ಲುಗಳು ಮುಗಿದವು. ನಟ್ಟನಡುವೆ ಒಂದು ಜಾಗ ಬಾಕಿ. ಮೇಜಿನ ಮೇಲೆ ಕಣ್ಣಾಡಿಸಿದರೆ, ಅಗೋ, ಕಾಗದದ ಪಕ್ಕದಲ್ಲಿ ಇನ್ನೊಂದು ಮಾಸಲು ಬಿಳಿ ತುಂಡು! ಸ್ವಲ್ಪ ಅಗಲವಾಗಿತ್ತು. ಅದಕ್ಕೇನು, ಉಜ್ಜಿದರಾಯಿತು. ಎರಡೂ ಪಕ್ಕ ಉಜ್ಜಿ, ಅಂಟು ಹಚ್ಚಿ ಒತ್ತಿದರು. ಏನು ಕೂತಿತು ಅಂತೀರಿ, ಅಲ್ಲೇ ಹುಟ್ಟಿ ಬೆಳೆದಂತೆ ಕೂತಿತು! ಹದಿಮೂರಕ್ಕೂ ಬೆಳ್ಳಿ ಬಣ್ಣ ಚಿಮುಕಿಸಿದರು. ಮೈಗೆ ಕೆಂಪು ಬಳಿದರು. ಹೆಂಡತಿಯನ್ನು ಕೂಗಿ ಕರೆದರು.

“ನೋಡು! ಹೆಂಗೆ ನಗ್ತಿದೆ ನೋಡು!”

“ಚೆನ್ನಾಗಿದೆ ಕಣ್ರೀ!” ಅವಳ ಕಣ್ಣು ಅರಳಿತು. “ನಿಜವಾಗ್ಲೂ ಚೆನ್ನಾಗಿದೆ. ಅಪ್ಪನ ಹಲ್ಲು?”

“ಶನಿವಾರ. ಕಣ್ಮುಚ್ಚಿ.”

ಶನಿವಾರ ಬೆಳಿಗ್ಗೆ ಮೇಸ್ತ್ರಿಗಳು ಮಾವನ ಕಾಗದದ ಪೊಟ್ಟಣ ಬಿಚ್ಚಿದರು. ಸೆಟ್ಟಿತ್ತು. ಹಲ್ಲಿರಲಿಲ್ಲ, ಪೊಟ್ಟಣದ ಒಂದು ಮೂಲೆ ಮೊದಲೇ ಸಡಿಲವಾಗಿತ್ತು. ಕಾಗದ ಕೊಡವಿದರು. ಮೇಜಿನ ಖಾನೆಗಳನ್ನೆಲ್ಲ ಎಳೆದರು. ನೆಲದ ಮೇಲೆ ಅಂಬೆಗಾಲಿಟ್ಟರು. ಕಸದ ಬುಟ್ಟಿಯನ್ನು ಬೋರಲು ಹಾಕಿ ಜಾಲಾಡಿದರು. ಬೆವರು ಕಿತ್ತುಕೊಂಡು ಬಂತು. ಕೊನೆಗೆ ಗುರುವಾರ ತೊಟ್ಟು ಗೂಟಕ್ಕೆ ನೇತುಹಾಕಿದ್ದ ಕೆಲಸದ ಅಂಗಿಯ ಮಡಿಸಿದ ತೋಳು ಬಿಡಿಸಿದಾಗ, ಪುಟ್ಟದೊಂದು ಬಿಳಿ ತುಂಡು ಟಿಕ್ಕೆಂದು ನೆಲಕ್ಕೆ ಬಿತ್ತು. ಮೇಸ್ತ್ರಿಗಳು ಗಬಕ್ಕನೆ ಅದನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಅದು ಮಾವನ ಹಲ್ಲಲ್ಲ. ಕಾರಿನ ಹದಿಮೂರನೆಯದು!

ಹಾಗಾದರೆ ಗ್ರಿಲ್ಲಿನ ನಟ್ಟನಡುವೆ ಬೆಳ್ಳಿ ಬಳಿದುಕೊಂಡು ನಗುತ್ತಿರುವುದು? ಚಿಮಟ ಹಾಕಿ ಎಳೆದರು. ಹಲ್ಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇನ್ನಷ್ಟು ಎಳೆದರೆ ಗ್ರಿಲ್ಲೇ ಕೈಗೆ ಬರುವ ಸೂಚನೆ ಕಂಡಿತು. ಕಿತ್ತರೂ ಏನು ಫಲ? ಎರಡೂ ಪಕ್ಕ ಉಜ್ಜಿದ ಹಲ್ಲು ಇನ್ನು ಮಾವನ ಬಾಯಿಗೆ ಆಗುವುದಿಲ್ಲ.

ಪೇಚಿಗೆ ಸಿಕ್ಕ ಮೇಸ್ತ್ರಿಗಳು ತಮ್ಮ ದಾಸ್ತಾನಿನಿಂದ ಅದೇ ಅಳತೆಯ ಹಲ್ಲೊಂದನ್ನು ಹೆಕ್ಕಿ ಸೆಟ್ಟಿನ ಪಕ್ಕ ಹಿಡಿದರು. ಮಾವನ ಹಲ್ಲುಗಳು ಹನ್ನೆರಡು ವರ್ಷ ಟೀ ಕುಡಿದವು, ಇದು ಇನ್ನೂ ಲೋಕವನ್ನೇ ಕಾಣದ್ದು. ಹಳೇ ಗೋಡೆಗೆ ಹೊಸ ಸುಣ್ಣದ ಬೊಟ್ಟಿಟ್ಟಂತೆ ಕಂಡಿತು. ಆದರೆ ಉಪಾಯ ಅಲ್ಲೇ ಇತ್ತು: ಟೀ! ಒಂದು ಲೋಟ ಕಡುಟೀ ಕಾಸಿ, ಹಲ್ಲನ್ನು ಅದರೊಳಗೆ ಮುಳುಗಿಸಿ, ಅಡುಗೆಕಟ್ಟೆಯ ಮೇಲಿಟ್ಟು, ಮೇಸ್ತ್ರಿಗಳು ಮಧ್ಯಾಹ್ನದವರೆಗೆ ಕಾಯಲು ಕೂತರು.

ಅರ್ಧ ದಿನದ ಕೆಲಸ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು. ಲೋಟ ಎತ್ತಿದ ಸದ್ದು ಕೇಳಿಸಿತು.

“ರೀ.”

“ಏನೇ?”

“ನನ್ ಬಾಯಲ್ಲಿ ಒಂದು ಹಲ್ಲಿದೆ.”

“ಎಲ್ಲರ ಬಾಯಲ್ಲೂ ಇರುತ್ತಲ್ಲ!”

“ಇದು ನಂದಲ್ಲ.”

ಮೇಸ್ತ್ರಿಗಳು ಓಡಿದರು. ಹೆಂಡತಿ ಒಂದು ಕೈಯಲ್ಲಿ ಲೋಟ, ಇನ್ನೊಂದು ಅಂಗೈಯಲ್ಲಿ ಹಲ್ಲು ಹಿಡಿದು ನಿಂತಿದ್ದಳು.

“ಮಾವನ ಸೆಟ್ಟಿಗೆ ಬಣ್ಣ ಹೊಂದಿಸ್ತಿದ್ದೆ ಕಣೇ…”

“ಅಪ್ಪನ ಹಲ್ಲಿಗೆ ಅದರದೇ ಬಣ್ಣ ಇತ್ತಲ್ಲ! ಆ ಹಲ್ಲೆಲ್ಲಿ?”

“ಅದು… ಬೇರೆ ಕೆಲಸದ ಮೇಲೆ ಹೋಗಿದೆ.”

ಹೆಂಡತಿ ಗಂಡನ ಮುಖ ನೋಡಿದಳು. ಮುಂದಿನ ಕೋಣೆಗೆ ಹೋಗಿ ಕಾರಿನ ಮುಂದೆ ಬಗ್ಗಿ ನಿಂತಳು. ಹದಿಮೂರು ಹಲ್ಲುಗಳನ್ನೂ ನೋಡಿದಳು. ನಡುವಿನದನ್ನು ಎರಡು ಸಲ ನೋಡಿದಳು. ಮೇಸ್ತ್ರಿಗಳು ಇಂಗು ತಿಂದ ಮಂಗನ ಹಾಗೆ ಬಾಗಿಲಲ್ಲಿ ನಿಂತಿದ್ದರು.

“ನೀವು ಅಪ್ಪನ ಹಲ್ಲು ಕಿತ್ತು ಅಪ್ಪನಿಗೇ ಉಡುಗೊರೆ ಕೊಡ್ತಿದ್ದೀರ,” ಎಂದಳು. ಕೂಗಲಿಲ್ಲ. ಅದೇ ಭಯ ಹುಟ್ಟಿಸಿತು. “ನಾಳೆ ಅಪ್ಪ ಬಾಯಿ ತೆಗೀದೇ ಹೋದ್ರೆ, ಫೋಟೋ ಇಲ್ದೇ ಹೋದ್ರೆ, ಆಗ ಇದೆ ನಿಮಗೆ.”

ಮೇಸ್ತ್ರಿಗಳು ಟೀ ಹಲ್ಲನ್ನು ಸೆಟ್ಟಿಗೆ ಕೂರಿಸಿದರು. ಬಿಸಿನೀರಿನಲ್ಲಿ ಒಂದು ಗಂಟೆ ಗಟ್ಟಿಯಾಗಬೇಕಿತ್ತು. ಅಷ್ಟರಲ್ಲಿ ಮಾವನೇ ಬಾಗಿಲಿಗೆ ಬಂದು “ಆಯ್ತಾ ಅಳಿಯಂದ್ರೇ?” ಎಂದದ್ದರಿಂದ ಹತ್ತೇ ನಿಮಿಷಕ್ಕೆ ತೆಗೆದು ಒರೆಸಿ ಕೊಟ್ಟರು. ಮಾವ ಹಾಕಿಕೊಂಡು, ಕನ್ನಡಿ ನೋಡಿ, ತಲೆಯಾಡಿಸಿ ಹೋದರು. ಗಂಡಹೆಂಡಿರಿಬ್ಬರೂ ಉಸಿರು ಬಿಟ್ಟರು.

ಭಾನುವಾರ ಮಾವನ ಮನೆಯ ಹಜಾರದಲ್ಲಿ ಹಳೇ ಗ್ಯಾರೇಜಿನ ಸ್ನೇಹಿತರು ತುಂಬಿದ್ದರು. ಹೆಂಡತಿ ಕ್ಯಾಮರಾ ಹಿಡಿದು ಸಿದ್ಧಳಾದಳು. ಮೇಸ್ತ್ರಿಗಳು ಕಾರಿನ ಮೇಲಿನ ಬಟ್ಟೆ ಸರಿಸಿದರು.

ಮಾವ ಕಾರಿನ ಮೈ ಸವರಿದರು. ಕಣ್ಣು ಒದ್ದೆಯಾಯಿತು. ಆಮೇಲೆ ಅವರೊಳಗಿನ ಮೆಕ್ಯಾನಿಕ್ ಎದ್ದು ಕೂತ. ಚಕ್ರ ತಿರುಗಿಸಿದರು. ಬಾಗಿಲು ಎಳೆದರು, ಬಾಗಿಲು ಬರಲಿಲ್ಲ.

“ಸ್ಟೀರಿಂಗ್ ಆ ಕಡೆ ಇರ್ಬೇಕಲ್ವಾ ಅಳಿಯಂದ್ರೇ? ನಲವತ್ತು ವರ್ಷ ನೋಡಿದೀನಿ ನಾನು ಈ ಗಾಡೀನ.”

“ಅದು… ಎದುರಿಗೆ ಕೂತು ನೋಡಿದ್ರೆ ಸರಿಯಾಗೇ ಇದೆ ಮಾವ.”

ಸ್ನೇಹಿತರು ಕಿಸಕ್ಕೆಂದರು. ಮಾವ ತುಟಿ ಬಿಗಿದುಕೊಂಡೇ ಗ್ರಿಲ್ಲಿನ ಮೇಲೆ ಉಗುರು ಓಡಿಸಿದರು. ಒಂದು, ಎರಡು, ಮೂರು. ಏಳನೆಯದರ ಮೇಲೆ ಉಗುರು ನಿಂತಿತು. ಕನ್ನಡಕ ಏರಿಸಿ ಬಗ್ಗಿದರು. ಆ ಹಲ್ಲಿನ ತುದಿಯಲ್ಲಿ, ಬೆಳ್ಳಿ ಬಣ್ಣದ ಅಡಿಯಲ್ಲೂ ಕಾಣುವಂತೆ, ಒಂದು ಸಣ್ಣ ಕಚ್ಚಿತ್ತು. ಹನ್ನೆರಡು ವರ್ಷ ವೈರು ಸುಲಿದು ಸುಲಿದು ಬಿದ್ದ ಕಚ್ಚು!

“ಇದು…” ಮಾವ ತಲೆಯೆತ್ತಿದರು. “ಇದು ನನ್ ಹಲ್ಲಲ್ವೇನ್ರೀ?”

ಮೇಸ್ತ್ರಿಗಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬಾಯ್ಬಿಟ್ಟದ್ದು ಮಾತ್ರ ಮಾವ! ಹೊಟ್ಟೆ ಹಿಡಿದುಕೊಂಡು, ಮೇಜು ಗುದ್ದಿ, ಹೋ ಹೋ ಎಂದು ನಕ್ಕ ರಭಸಕ್ಕೆ ಹತ್ತು ನಿಮಿಷದ ಟೀ ಹಲ್ಲು ಚಿಮ್ಮಿ, ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು, ಕಾರಿನ ಸೀಟಿನಲ್ಲಿ ಹೋಗಿ ಕೂತಿತು. ಅದೂ ಸ್ಟೀರಿಂಗಿನ ಹಿಂದೆ! ಸ್ನೇಹಿತರು ಬಿದ್ದು ಬಿದ್ದು ನಕ್ಕರು. ಮಾವ ಬಾಯಿಯ ಕಿಟಕಿ, ಬಾಗಿಲು ಎಲ್ಲ ತೆರೆದುಕೊಂಡು ಇನ್ನೂ ನಗುತ್ತಲೇ ಇದ್ದರು. ಕ್ಯಾಮರಾ ಕ್ಲಿಕ್ಕೆಂದಿತು. ಮತ್ತೆ ಕ್ಲಿಕ್ಕೆಂದಿತು.

“ಸಿಕ್ತು,” ಎಂದಳು ಹೆಂಡತಿ. “ರೀ, ಸಿಕ್ತು.”

ಮೇಸ್ತ್ರಿಗಳಿಗೆ ಹೋದ ಜೀವ ಬಂದಂತಾಯಿತು. ಮೆಲ್ಲಗೆ ಮುಂದೆ ಬಂದು, ಸೀಟಿನಿಂದ ಹಲ್ಲನ್ನು ಎತ್ತಿಕೊಂಡು, ತಮ್ಮ ಕಸುಬಿನ ಗತ್ತನ್ನು ಆದಷ್ಟು ಕೂಡಿಸಿಕೊಂಡು ಹೇಳಿದರು: “ಸೆಟ್ಟು ಕೊಡಿ ಮಾವ, ನಾಳೇನೇ ಕೂರಿಸ್ಕೊಡ್ತೀನಿ. ಈ ಸಲ ಗಟ್ಟಿಯಾಗಿ!”

ಮಾವ ಕಣ್ಣೊರೆಸಿಕೊಂಡರು. ಗ್ರಿಲ್ಲಿನ ಏಳನೆಯ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದರು. ಇನ್ನೊಮ್ಮೆ, ಮೆಕ್ಯಾನಿಕ್ಕಿನ ಬಲ ಹಾಕಿ ಜಗ್ಗಿದರು. ಇಡೀ ಕಾರು ಮೇಜಿನಿಂದ ಮೇಲೆದ್ದಿತು, ಹಲ್ಲು ಅಲುಗಲಿಲ್ಲ.

“ಬೇಡ ಅಳಿಯಂದ್ರೇ, ನಾನೇ ಕೂರಿಸ್ಕೋತೀನಿ. ಕಾರಿಗೆ ಯಾವ ಅಂಟು ಹಾಕಿದ್ರಿ, ಅದೊಂದು ಹೇಳ್ಬಿಡಿ ಸಾಕು!”