ಕನ್ನಡಕದ ಅಂಗಡಿಯ ಎದುರಿನ ಗುಡ್ಡ

ನಗೋ ಸಂಗತಿಗಳನ್ನ ಹುಡುಕಿಕೊಂಡು ನಾನು ಎಲ್ಲಿಗೂ ಹೋದವನಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ ಸಾಕು, ಅವೇ ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂತುಬಿಡುತ್ತವೆ.

ಕಡೂರಿನಲ್ಲಿ ಇನ್ನೊಬ್ಬರ ಕನ್ನಡಕದ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದವನು ನಾನು. ಸ್ವಂತದ್ದು ಹಾಕಬೇಕು ಅಂತ ಜಾಗ ನೋಡಲು ತರೀಕೆರೆಗೆ ಬಂದೆ. ಖಾಲಿ ಮಳಿಗೆಯೊಳಗೆ ನಿಂತು ರಸ್ತೆಯ ಕಡೆ ತಿರುಗಿದರೆ, ಎದುರು ಮನೆಗಳ ಹೆಂಚಿನ ಮೇಲೆ ಅರ್ಧ ಆಕಾಶ ತುಂಬಿಕೊಂಡು ನೀಲಿ ಗುಡ್ಡಗಳ ಸಾಲು! ಗೋಡೆ ಸೋರುತ್ತಾ, ನಲ್ಲಿ ಇದೆಯಾ, ಒಂದನ್ನೂ ಕೇಳಲಿಲ್ಲ. "ಇದೇ ಆಗ್ಲಿ" ಅಂದುಬಿಟ್ಟೆ.

ನನ್ನ ಹೆಂಡತಿ ಪಂಚನಹಳ್ಳಿಯವಳು, ಬಯಲಲ್ಲಿ ಬೆಳೆದವಳು. ಗುಡ್ಡವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ರೀ, ಮಳೆಗಾಲ ಮುಗಿಯೋ ಅಷ್ಟ್ರಲ್ಲಿ ಅಂಗಡಿ ನಡೀಲಿಲ್ಲ ಅಂದ್ರೆ ವಾಪಸ್ ಕಡೂರಿಗೇ. ಈಗ್ಲೇ ಹೇಳಿದೀನಿ" ಅಂದಳು. ಒಪ್ಪಿಕೊಂಡೆ. ಇವೆಲ್ಲ ಆ ಮಳೆಗಾಲದಲ್ಲಿ, ಅದರ ಹಿಂದೆ ಮುಂದೆ ನಡೆದದ್ದು.

ಅಕ್ಷರ ಬೇಡ

ಮೊದಲ ಗಿರಾಕಿ ಒಬ್ಬ ಅಜ್ಜ. ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ, ಗೋಡೆಯ ಅಕ್ಷರದ ಬೋರ್ಡು ತೋರಿಸಿದೆ. "ಮೇಲಿನ ಸಾಲು ಓದಿ ಅಜ್ಜ."

"ಅಕ್ಷರ ನಂಗೆ ಕನ್ನಡಕ ಹಾಕ್ಕಂಡ್ರೂ ಬರಲ್ಲ ಕಣಪ್ಪಾ. ಗೊತ್ತಿರೋದನ್ನ ತೋರ್ಸು" ಅಂದವರೇ ಸ್ಟೂಲನ್ನು ಬಾಗಿಲ ಕಡೆ ತಿರುಗಿಸಿ ಗುಡ್ಡದ ಎದುರು ಕೂತರು.

ನಾನು ಒಂದೊಂದೇ ಗಾಜು ಬದಲಾಯಿಸುತ್ತಾ ಹೋದೆ. ಅವರು ಗುಡ್ಡ ಓದುತ್ತಾ ಹೋದರು. "ಈಗ ಬೂದಿ ಗುಡ್ಡೆ ಕಂಡಂಗೆ ಕಾಣ್ತೈತೆ... ಹಾಂ, ಈಗ ಮರ ಬಂತು... ಓಹೋ, ದಾರಿ ಬಂತು!" ಕೊನೆಯ ಗಾಜು ಹಾಕಿದ ಕೂಡಲೇ ಮಾತು ನಿಂತಿತು.

"ಏನಾಯ್ತು ಅಜ್ಜ?"

"ದಾರೀಲಿ ಜೀಪೊಂದು ಕೆಟ್ಟು ನಿಂತೈತೆ. ಟೈರ್ ಬಿಚ್ತಾವ್ರೆ."

ನಾನು ಮೆಟ್ಟಿಲ ಮೇಲೆ ನಿಂತು, ಕಣ್ಣು ಕಿರಿದು ಮಾಡಿ ನೋಡಿದೆ. ಜೀಪೂ ಇಲ್ಲ, ದಾರಿಯೂ ಇಲ್ಲ. ಅಜ್ಜ ಎದ್ದು ಸ್ಟೂಲಿನ ಧೂಳು ಒರೆಸಿದರು.

"ನೀನ್ ಕೂತ್ಕ ಬಾ, ಒಸಿ ಚೆಕ್ ಮಾಡಣ."

ಮಂಜಿನ ನಂಬರು

ಆಮೇಲೆ ಯಾರೂ ಬೋರ್ಡು ಕೇಳಲಿಲ್ಲ, ಎಲ್ಲರಿಗೂ ಗುಡ್ಡವೇ ಬೇಕು. ಅಷ್ಟರಲ್ಲಿ ಮಳೆ ಹಿಡಿಯಿತು.

ಹಿಂದಿನ ದಿನವಷ್ಟೇ ಹೊಸ ಕನ್ನಡಕ ಹಾಕಿಕೊಂಡು ಖುಷಿಯಾಗಿ ಹೋಗಿದ್ದ ನಿವೃತ್ತ ಮೇಷ್ಟ್ರೊಬ್ಬರು ಛತ್ರಿ ಕೊಡವುತ್ತಾ ಒಳಗೆ ಬಂದರು.

"ಏನ್ರೀ ಇದು, ಗುಡ್ಡಾನೇ ಕಾಣ್ತಿಲ್ವಲ್ರೀ!"

"ಮಂಜು ಮುಚ್ಚಿದೆ ಸಾರ್. ಇವತ್ತು ಯಾರಿಗೂ ಕಾಣಲ್ಲ."

"ನಿನ್ನೆ ಕಂಡಿತ್ತು."

"ನಿನ್ನೆ ಬಿಸಿಲಿತ್ತು ಸಾರ್."

"ಹಾಗಂದ್ರೆ ನೀವು ಕೊಟ್ಟಿರೋದು ಬಿಸಿಲಿನ ನಂಬರು. ಇಲ್ಲಿ ಇನ್ನು ದೀಪಾವಳಿ ತನಕ ಮಂಜೇ. ಮಂಜಿನ ನಂಬರು ಹಾಕಿಕೊಡಿ."

ಬಾಯಿಮಾತಿಗೆ ಒಪ್ಪುವ ಆಸಾಮಿ ಅಲ್ಲ. ಅದೇ ಹೊತ್ತಿಗೆ ರಸ್ತೆಯಲ್ಲಿ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಹೋಗುತ್ತಿದ್ದರು. ಅವರೂ ಕನ್ನಡಕ ಹಾಕಿದ್ದರು. ಸಾಕ್ಷಿ ಸಿಕ್ಕಿತು ಅಂತ ಕೂಗಿದೆ. "ಅಕ್ಕಾ, ಗುಡ್ಡ ಕಾಣ್ತಿದೆಯಾ?"

"ಎಲ್ಲಿ ಕಾಣ್ತೈತೆ ಅಣ್ಣಾ! ಏನೂ ಇಲ್ಲ, ಬರೀ ಬಿಳೀದು."

"ನೋಡಿದ್ರಾ ಸಾರ್?" ಅಂದೆ.

ಮೇಷ್ಟ್ರು ಆಕೆಯ ಕನ್ನಡಕವನ್ನು ಕನಿಕರದಿಂದ ನೋಡಿದರು. "ಅಯ್ಯೋ ಪಾಪ! ನೀನೂ ಇವರ ಹತ್ರಾನೇ ಮಾಡಿಸಿದ್ದೇನಮ್ಮ?"

ಅಜ್ಜಂಪುರದ ದಂಪತಿ

ಇದು ಚಿಕ್ಕದು. ಅಜ್ಜಂಪುರದಿಂದ ಈರುಳ್ಳಿ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ಬಂದರು. ಮಳೆ ಬಿಟ್ಟು ಗುಡ್ಡ ತೊಳೆದಿಟ್ಟ ಹಾಗಿತ್ತು. ಆಕೆಗೆ ಸರಿಯಾದ ಗಾಜು ಕೂತಿದ್ದೇ ತಡ, "ಅಯ್ಯಯ್ಯಪ್ಪಾ! ಇಷ್ಟು ಚಂದ ಐತಾ! ನೀರು ಇಳಿಯೋದೂ ಕಾಣ್ತೈತಲ್ರೀ!" ಅಂತ ಎದ್ದು ನಿಂತುಬಿಟ್ಟರು.

ಗಂಡನಿಗೆ ಉತ್ಸಾಹ ಬಂತು. ನಮ್ಮ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಬಾಗಿಲಿಗೆ ಅಡ್ಡ ನಿಂತು, "ಈಗ ನನ್ನ ನೋಡೇ" ಅಂದರು.

ಆಕೆ ಮೇಲಿಂದ ಕೆಳಗೆ ನೋಡಿದರು. ನಿಧಾನಕ್ಕೆ ಕನ್ನಡಕ ತೆಗೆದು ನನ್ನ ಕೈಗಿಟ್ಟರು.

"ದೂರಕ್ಕೆ ಮಾತ್ರ ಹೊಸದು ಮಾಡ್ಕೊಡ್ರಣ್ಣ. ಹತ್ರಕ್ಕೆ ಹಳೇದೇ ಇರ್ಲಿ."

ಕೋತಿಯ ದೆಸೆಯಿಂದ

ಮಳೆ ಕಡಿಮೆಯಾದದ್ದೇ ಗುಡ್ಡಕ್ಕೆ ಬರುವ ಜನ ಹೆಚ್ಚಿದರು. ಭಾನುವಾರ ಸಂಜೆಯಾದರೆ ಬರಿಗಣ್ಣಿನ ಗಿರಾಕಿಗಳು ಸಾಲಾಗಿ ಬರತೊಡಗಿದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮೇಲೆ ಕೋತಿ ಕಿತ್ಕೊಂಡೋಯ್ತು." ಪಕ್ಕದ ಬೇಕರಿಯವನು ನನ್ನನ್ನು ಅನುಮಾನದಿಂದ ನೋಡಿ, "ನಿಜ ಹೇಳಿ, ಆ ಕೋತಿಗಳಿಗೆ ಟ್ರೇನಿಂಗ್ ಕೊಟ್ಟಿದ್ದು ನೀವೇ ತಾನೇ?" ಅಂದ.

ಒಂದು ಭಾನುವಾರ ಅಂಗಡಿ ಮುಚ್ಚಿ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆಮ್ಮಣ್ಣುಗುಂಡಿಗೆ ಹೊರಟೆ. ತಿರುವು ತಿರುವಿಗೂ ಚಳಿ ಏರಿತು. ತುದಿಯಲ್ಲಿ ನಿಂತರೆ ಮೋಡ ಕಾಲ ಕೆಳಗೆ! ಮದುವೆಯಾದಾಗಿನಿಂದ ಜೋರಾಗಿ ನಗದ ನನ್ನ ಹೆಂಡತಿ ಮಗುವಿನ ಹಾಗೆ ಕುಣಿದಳು. "ರೀ, ಅಗೋ ಪಂಚನಹಳ್ಳಿ!" ಅಂತ ಮೂಡಲಿಗೆ ಕೈ ತೋರಿಸಿದಳು. ಒಂದು ಗಳಿಗೆ ಬಿಟ್ಟು ತೆಂಕಲಿಗೆ ತಿರುಗಿ, "ಅಲ್ಲ, ಅದೇ ಪಂಚನಹಳ್ಳಿ!" ಅಂದಳು. ಅವಳ ತವರು ಆವತ್ತು ಎಲ್ಲ ದಿಕ್ಕಿಗೂ ಇತ್ತು.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಯುವಕನ ಕನ್ನಡಕವನ್ನು ಕೋತಿ ಹಾರಿಸಿಕೊಂಡು ಹೋಯಿತು. ಪಾಪ, ಕೈ ಮುಂದೆ ಚಾಚಿಕೊಂಡು ನಿಂತ. ನನ್ನ ಹೆಂಡತಿ ಬ್ಯಾಗಿನಿಂದ ನಮ್ಮ ಅಂಗಡಿಯ ಕಾರ್ಡ್ ತೆಗೆದು ಅವನ ಕೈಗಿತ್ತಳು. ಕಾರ್ಡು ಯಾವಾಗ ಬ್ಯಾಗಿಗೆ ಹೋಗಿತ್ತೋ ನನಗೇ ಗೊತ್ತಿಲ್ಲ!

"ಏನ್ ಬರೆದಿದೆ ಆಂಟಿ? ಕಾಣ್ತಿಲ್ಲ."

ಅವಳು ಅಂಗಡಿಯ ಹೆಸರು, ರಸ್ತೆ, ಎಲ್ಲ ಓದಿ ಹೇಳಿದಳು. "ಕನ್ನಡಕ ತುಂಬಾ ಚೆನ್ನಾಗಿ ಮಾಡ್ಕೊಡ್ತಾರೆ" ಅಂತಲೂ ಸೇರಿಸಿದಳು. ನಾನು ಹೆಮ್ಮೆಯಿಂದ ಎದೆ ಉಬ್ಬಿಸಿ ನಿಂತಿದ್ದೆ. ಹಿಂದಿನಿಂದ ಒಂದು ಕೈ ಬಂತು. ನನ್ನ ಕನ್ನಡಕವೂ ಮರ ಹತ್ತಿತು.

ನನ್ನ ಕೂಗು ಕೇಳಿ ಆ ಯುವಕ ಸಮಾಧಾನ ಹೇಳಿದ. "ಟೆನ್ಷನ್ ಮಾಡ್ಕೋಬೇಡಿ ಅಂಕಲ್. ಕೆಳಗೆ ಒಂದು ಒಳ್ಳೇ ಅಂಗಡಿ ಇದೆಯಂತೆ. ಈ ಆಂಟಿ ಕಾರ್ಡ್ ಕೊಡ್ತಾರೆ."

ಮಾವನವರು ಕಣ್ಣು ಬಿಟ್ಟಿದ್ದು

ಆವತ್ತು ಸ್ಕೂಟರ್ ಇಳಿಸಿಕೊಂಡು ಬಂದವಳು ನನ್ನ ಹೆಂಡತಿಯೇ. ಕಡೂರಿಗೆ ವಾಪಸ್ ಹೋಗುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತಿದ್ದು ಅವಳ ಅಪ್ಪ.

ನಮ್ಮ ಮಾವ ಪಂಚನಹಳ್ಳಿಯಲ್ಲಿ ತೆಂಗು, ಕುರಿ ನೋಡಿಕೊಂಡಿರುವವರು. ಸುಳ್ಳು ಹೇಳಲು ಬಾರದ ಮನುಷ್ಯ. ಫೋನ್ ಮಾಡಿದಾಗೆಲ್ಲ ಒಂದೇ ರಾಗ: "ಅಳಿಯಂದ್ರೇ, ಆ ಕಾಡ್ನಾಗೆ ಹುಲಿ ಐತಂತೆ. ನನ್ ಮಗಳನ್ನ ಕರ್ಕಂಡು ಬಂದ್ಬಿಡ್ರಿ." ಇದು ಪೇಟೆ, ಮನೆ ಮುಂದೆ ಪಾನಿಪುರಿ ಗಾಡಿ ನಿಲ್ಲುತ್ತೆ ಅಂದರೂ ಕೇಳರು. ಮಗಳನ್ನು ಕರೆದುಕೊಂಡು ಹೋಗುವುದೇ ಅಂತ ತೀರ್ಮಾನ ಮಾಡಿದ್ದರು.

ಅವರ ಕಣ್ಣಿಗೆ ಪೊರೆ ಬಂದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸಿ ನಮ್ಮ ಮನೆಗೇ ಕರೆತಂದೆವು. ಕಪ್ಪು ಕನ್ನಡಕ ತೆಗೆಯಬಹುದು ಅಂತ ಡಾಕ್ಟರು ಹೇಳಿದ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. "ಅಪ್ಪ ಮೊದಲು ಗುಡ್ಡಾನೇ ನೋಡ್ಬೇಕು" ಅಂತ ಹೆಂಡತಿ ಅವರ ಕೈ ಹಿಡಿದು ಮಹಡಿಯ ಬಾಲ್ಕನಿಗೆ ಕರೆತಂದಳು. ನಾನು ಕನ್ನಡಕ ತೆಗೆದೆ. "ಕಣ್ಣು ಬಿಡ್ರಿ ಮಾವಾ."

ಮಾವ ಕಣ್ಣು ಬಿಟ್ಟರು.

"ಹುಲೀ!"

ಕೂಗಿದವರೇ ಮಗಳನ್ನು ಎಳೆದುಕೊಂಡು ಒಳಗೆ ನುಗ್ಗಿ ಚಿಲಕ ಹಾಕಿಕೊಂಡರು. ನಾನು ಹೊರಗೇ ಉಳಿದೆ.

ತಿರುಗಿ ನೋಡಿದೆ. ಎದುರು ಮನೆಯವರು ಬಿಸಿಲು ಬಂತು ಅಂತ ದೊಡ್ಡ ಹುಲಿ ಚಿತ್ರದ ರಗ್ಗು ತಾರಸಿಯ ಗೋಡೆಯ ಮೇಲೆ ಹಾಕಿದ್ದರು.

"ಮಾವಾ, ಅದು ರಗ್ಗು! ಬಾಗಿಲು ತೆಗೀರಿ!"

"ಅಲ್ಲಾಡ್ತಾ ಐತೆ ಕಣ್ರೀ!"

"ಗಾಳಿಗೆ ಮಾವಾ!"

ಗಲಾಟೆಯ ನಡುವೆ ಎದುರು ಮನೆಯಾಕೆ ಕೋಲು ಹಿಡಿದು ಬಂದು ರಗ್ಗಿನ ಧೂಳು ಬಡಿಯತೊಡಗಿದರು. ಕಿಟಕಿಯಿಂದ ಮಾವನ ದನಿ ಕೇಳಿತು. "ಶಿವನೇ! ಹೆಂಗಸೊಬ್ಳು ಹುಲಿಗೆ ಬಾರಿಸ್ತಾವ್ಳೆ! ಏನ್ ಊರಪ್ಪಾ ಇದು!"

ಕೊನೆಗೆ ಬಾಗಿಲು ತೆರೆಯಿತು. ಮಾವ ಸಂಕೋಚದಿಂದ ಹೊರಗೆ ಬಂದು ರಗ್ಗನ್ನು ನೋಡಿದರು. ಆಮೇಲೆ ಅದರಾಚೆಗಿದ್ದ ಗುಡ್ಡದ ಕಡೆ ಕಣ್ಣೆತ್ತಿದರು. ಮಗಳು ತಂದಿಟ್ಟ ಕಾಫಿ ತಣ್ಣಗಾಗುವವರೆಗೂ ನೋಡಿದರು. "ಇರ್ಲಿ ಬಿಡ್ರಿ ಅಳಿಯಂದ್ರೇ" ಅಂದರು ಮೆತ್ತಗೆ. "ಅವಳು ಇಲ್ಲೇ ಇರ್ಲಿ. ನಾನೂ ಒಂದಷ್ಟು ದಿನ ಇರ್ತೀನಿ."

ನಮ್ಮಿಬ್ಬರಿಗೂ ಹಬ್ಬವೇ ಆಯಿತು.

ಸಂಜೆ ಊರಿನಿಂದ ಅವರ ಗೆಳೆಯನ ಫೋನು ಬಂತು. ಮಾವ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡಿದರು.

"ಕಣ್ಣು ಫಸ್ಟ್ ಕ್ಲಾಸ್ ಕಣೋ! ಬಿಟ್ಟ ತಕ್ಷಣ ಹುಲಿ ನೋಡ್ದೆ!... ಹೂಂ, ಹುಲೀನೇ! ರಸ್ತೆ ಆ ಕಡೆ. ಮೀಸೆ ಸಮೇತ ಕಾಣ್ತು!"

ಆ ಕಡೆಯವನು ಅದು ಏನು ಮಾಡಿತು ಅಂತ ಕೇಳಿರಬೇಕು. ಮಾವ ನಮ್ಮ ಮುಖ ನೋಡಿದರು.

"ಏನೂ ಮಾಡ್ಲಿಲ್ಲ ಕಣೋ... ಒಣಗ್ತಾ ಇತ್ತು."