ಗುರುಶಾಂತಪ್ಪ ಮೇಷ್ಟರ ಭಾನುವಾರದ ಡ್ಯೂಟಿ

ಎಲ್ಲ ಶುರುವಾದದ್ದು ಒಂದು ಸಣ್ಣ ಸುಳ್ಳಿನಿಂದ. ಭಾನುವಾರ ಅರ್ಧ ತೋಳಿನ ಅಂಗಿ, ಹವಾಯಿ ಚಪ್ಪಲಿಯಲ್ಲಿ ಕಳ್ಳ ಹೆಜ್ಜೆ ಇಟ್ಟು ಮೆಟ್ಟಿಲಿಳಿಯುತ್ತಿದ್ದ ಗುರುಶಾಂತಪ್ಪ ಮೇಷ್ಟರನ್ನು ಮನೆ ಓನರ್ ಶರ್ಫುನ್ನೀಸಾ ತಡೆದರು.

"ರಜಾ ದಿನ ಎಲ್ಲಿಗೆ ಮಾಸ್ಟರ್ ಸಾಬ್?"

"ನೀಟ್ ಪರೀಕ್ಷೆ ಡ್ಯೂಟಿ ಅಮ್ಮಾ," ಎಂದುಬಿಟ್ಟರು ಮೇಷ್ಟರು.

ಡ್ಯೂಟಿಯಲ್ಲ, ಪರೀಕ್ಷೆಯೇ ಅವರದು. ಲಿಂಗರಾಜಪುರದ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದ್ದರೂ, ಹದಿನೆಂಟರಲ್ಲಿ ಕೈತಪ್ಪಿದ ಡಾಕ್ಟರ್ ಸೀಟು ನಲವತ್ತೆರಡರಲ್ಲೂ ಅವರ ಎದೆಯಲ್ಲಿ ಚುಚ್ಚುತ್ತಿತ್ತು. ಎರಡು ವರ್ಷ ಯಾರಿಗೂ ತಿಳಿಯದಂತೆ ಓದಿದ್ದರು. ಈ ಸಲ ಸೀಟು ಗ್ಯಾರಂಟಿ ಎಂದು ರಾಜೀನಾಮೆ ಪತ್ರವನ್ನೂ ಬರೆದು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದರು.

"ಮಾನಪ್ಪಾ, ತಡಿ! ಮಾಸ್ಟರೂ ಅಲ್ಲಿಗೇ!" ಎಂದು ಶರ್ಫುನ್ನೀಸಾ ಕೂಗಿದರು. ಹಿಂದಿನ ಮನೆಯ ಆಟೋ ಮಾನಪ್ಪ ಪರೀಕ್ಷೆಗೆ ಮಗಳು ಕಾವೇರಿಯನ್ನು ಹೊರಡಿಸಿದ್ದ. ಅವಳಿಗೆ ದಿನಾ ಸಂಜೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದವರು ಇದೇ ಮೇಷ್ಟರು.

ಹಲಸೂರಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಮಕ್ಕಳ ಸಾಲಿಗೆ ಮೆಲ್ಲಗೆ ನುಸುಳಬೇಕೆಂದಿದ್ದರು. ಮಾನಪ್ಪ ಬಿಡಬೇಕಲ್ಲ! "ಇವ್ರು ಡ್ಯೂಟಿ ಸರ್ ಅದಾರ, ಮೊದ್ಲ ಒಳಗ ಬಿಡ್ರೀ!" ಎಂದು ಸೆಕ್ಯುರಿಟಿಯವನಿಗೆ ಜೋರು ಮಾಡಿದ. ಅವನು ಸೆಲ್ಯೂಟ್ ಹೊಡೆದು ಸ್ಟಾಫ್ ಗೇಟಿನಿಂದ ಒಳಗೆ ಬಿಟ್ಟ.

ಒಳಗೆ ಮೇಲ್ವಿಚಾರಕಿ ಧನಲಕ್ಷ್ಮಿ ಮೇಡಂ ಜನ ಸಾಲದೆ ಒದ್ದಾಡುತ್ತಿದ್ದರು. "ಸದ್ಯ ಬಂದ್ರಲ್ಲ! ರೂಮ್ ನಂಬರ್ ಹನ್ನೆರಡು," ಎಂದು ಹಾಜರಿ ಹಾಳೆಗಳನ್ನು ಕೈಗೆ ತುರುಕಿದರು. ಮೇಷ್ಟರು ಬೆವರುತ್ತ ಹಾಲ್ ಟಿಕೆಟ್ ತೋರಿಸಿದರು.

"ಮಗಂದಾ? ಅಪ್ಪನ ಮುಖಾನೇ ತಂದ್ಬಿಟ್ಟಿದ್ದಾನೆ ನೋಡಿ!"

"ನಂದೇ ಮೇಡಂ. ಹುಟ್ಟಿದ ವರ್ಷ ನೋಡಿ."

ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಧಾರ್ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, ಕೊನೆ ಗಳಿಗೆಯಲ್ಲಿ ಬಿಟ್ಟರು. ಹನ್ನೆರಡನೇ ರೂಮಿಗೆ ಓಡಿ ಬಂದ ಮೇಷ್ಟರನ್ನು ಕಂಡು ಮಕ್ಕಳೆಲ್ಲ ಎದ್ದು ನಿಂತರು. "ಕೂತ್ಕೊಳ್ಳಿ," ಎಂದು ಅವರೂ ಕೊನೆಯ ಬೆಂಚಿನಲ್ಲಿ ಕೂತರು. ಮುಂದಿನ ಬೆಂಚಿನಲ್ಲಿ ಕಾವೇರಿ! ಅವಳು ಕಣ್ಣರಳಿಸಿದಳು, ಮೇಷ್ಟರು ತುಟಿಯ ಮೇಲೆ ಬೆರಳಿಟ್ಟರು.

ಪ್ರಶ್ನೆಗಳೆಲ್ಲ ಸುಲಿದ ಬಾಳೆಹಣ್ಣು. ಗಂಟೆ ಮೂರೂವರೆಯಾಗುವಷ್ಟರಲ್ಲಿ ಸೀಟು ಕೈಗೆ ಬಂದಷ್ಟೇ ಖುಷಿಯಾಗಿತ್ತು ಅವರಿಗೆ.

ಆಗ ಕಾವೇರಿ ಕೈಯೆತ್ತಿದಳು. "ಮೇಡಂ, ಈ ಪ್ರಶ್ನೆ ತಪ್ಪಿದೆ. ಆಕ್ಸಿಜನ್ ತುಂಬಿದ ರಕ್ತ ತರೋ ವೇಯ್ನ್ ಯಾವುದು ಅಂತಿದೆ. ವೇಯ್ನಲ್ಲಿ ಆಕ್ಸಿಜನ್ ಕಳ್ಕೊಂಡ ರಕ್ತ ತಾನೇ ಹರಿಯೋದು?"

"ನಾನು ಸಮಾಜ ವಿಜ್ಞಾನದವಳಮ್ಮ," ಎಂದರು ಜನ ಸಾಲದೆ ತಾವೇ ಕಾವಲಿಗೆ ನಿಂತಿದ್ದ ಧನಲಕ್ಷ್ಮಿ ಮೇಡಂ.

ಮೇಷ್ಟರು ಬೆಂಚು ಹಿಡಿದರು, ನಾಲಿಗೆ ಕಚ್ಚಿದರು. ಆದರೆ ಇದನ್ನೇ ಈ ಹುಡುಗಿಗೆ ಹನ್ನೊಂದು ಸಲ ಹೇಳಿಕೊಟ್ಟಿದ್ದರು.

"ಪಲ್ಮನರಿ ವೇಯ್ನ್ ಕಣೇ! ಶ್ವಾಸಕೋಶದಿಂದ ಹೃದಯಕ್ಕೆ ಮತ್ತಿನ್ನೆಂಥ ರಕ್ತ ಬರುತ್ತೆ? ಎಷ್ಟು ಸಲ ಹೇಳ್ಬೇಕು!"

ಮೈಮೇಲೆ ಎಚ್ಚರ ಬಂದಾಗ ಅವರು ಕರಿಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹುಡುಕುತ್ತಿದ್ದರು. ಹಿಂದೆ ಇಪ್ಪತ್ತಮೂರು ಪೆನ್ನುಗಳು ಒಟ್ಟಿಗೇ ಓಡಿದವು.

ಮೇಡಂ ಅವರ ಉತ್ತರ ಪತ್ರಿಕೆ ಕಿತ್ತುಕೊಂಡು ಆಫೀಸಿನಲ್ಲಿ ಕೂರಿಸಿದರು. "ನನಗೂ ಬೇಜಾರು ಸರ್. ಆದ್ರೆ ಇನ್ಮೇಲೆ ನಿಮ್ಮನ್ನ ಪರೀಕ್ಷೆಗೆ ಕೂರಿಸೋದು ಡೌಟು." ಮೇಷ್ಟರಿಗೆ ಅಳುವೇ ಬಂತು. ಎರಡು ವರ್ಷ ನಿದ್ದೆಗೆಟ್ಟು ಓದಿದ್ದೆಲ್ಲ ಒಂದು ರಕ್ತನಾಳದಲ್ಲಿ ಹರಿದು ಹೋಗಿತ್ತು.

ಐದು ಗಂಟೆಗೆ ತಲೆ ತಗ್ಗಿಸಿ ಗೇಟಿಗೆ ಬಂದರೆ ಮಾನಪ್ಪನ ಸುತ್ತ ಅಪ್ಪ ಅಮ್ಮಂದಿರ ಹಿಂಡು. ಕಾವೇರಿ ಗುಟ್ಟು ಬಿಟ್ಟಿರಲಿಲ್ಲ. ಸರ್ ಪಾಠ ಮಾಡಿದರು ಎಂದಷ್ಟೇ ಹೇಳಿದ್ದಳು.

"ಭಾರೀ ಡ್ಯೂಟಿ ಮಾಡೀರಂತಲ್ರೀ ಸರ!" ಎಂದ ಮಾನಪ್ಪ. "ಸೀಟು ಸಿಗ್ಲಿಲ್ಲಂದ್ರ ಮುಂದಿನ ವರ್ಷಕ್ಕ ಎಲ್ಲಾರೂ ನಿಮ್ ಕಡೇನ ಟ್ಯೂಷನ್ನಂತ. ಮುಂಜಾನಿ ಆರಕ್ಕ ಬರ್ರಿ ಅಂತ ಹೇಳೀನ್ರೀ."

ಮನೆಗೆ ಬಂದ ಮೇಷ್ಟರು ಹೆಸರು ಬರೆದುಕೊಳ್ಳಲು ಕಾಗದ ಹುಡುಕಿದರು. ಸಿಕ್ಕಿದ್ದು ಕ್ಯಾಲೆಂಡರ್ ಹಿಂದಿನ ಆ ಪತ್ರ. ಅದರ ಹಿಂಬದಿಗೆ ಹತ್ತೊಂಬತ್ತು ಹೆಸರು ಹಿಡಿದವು. ಉಳಿದ ನಾಲ್ಕನ್ನು ಮುಂಬದಿಯಲ್ಲಿ, 'ಇಂತಿ ತಮ್ಮ ವಿಧೇಯ' ಎಂಬುದರ ಕೆಳಗೆ ತುಂಬಿಸಿದರು.